ಎಣ್ಣೆಯಲ್ಲಿ ಕಂಡಷ್ಟು

ದವಡೆ ಹಲ್ಲು ನೋಯುತ್ತಿತ್ತು. ಒಂದು ಲವಂಗ ಸಿಕ್ಕರೆ ಕಚ್ಚಿ ಹಿಡಿದುಕೊಂಡು ಮಲಗೋಣ ಎಂದು ಅಡುಗೆಮನೆಯ ಮೇಲಿನ ಗೂಡಿಗೆ ಕೈ ಹಾಕಿದೆ. ಸಿಕ್ಕಿದ್ದು ಕರಿ ಪ್ಲಾಸ್ಟಿಕ್ಕಿನ ಪುಟ್ಟ ಡಬ್ಬಿ, ಅದಕ್ಕೆ ಬೂದು ಬಣ್ಣದ ಮುಚ್ಚಳ. ಒಳಗೆ ಲವಂಗವೇನೋ ಇತ್ತು. ಮುಚ್ಚಳದ ಮೇಲೆ ಮಾತ್ರ ನನ್ನದೇ ಅಕ್ಷರದಲ್ಲಿ, ಅರ್ಧ ಅಳಿಸಿ ಹೋದ ಬಾಲ್‌ಪೆನ್ನಿನಲ್ಲಿ ‘400’ ಎಂದು ಬರೆದಿತ್ತು. ಫಿಲಂ ರೀಲಿನ ಡಬ್ಬಿ ಅದು. ಶಿಕಾರಿಪುರದ ನನ್ನ ಸ್ಟುಡಿಯೋ ಮುಚ್ಚಿ ಎಷ್ಟೋ ಕಾಲವಾಯಿತು. ಕ್ಯಾಮೆರಾಗಳು ಮೂಲೆ ಸೇರಿದವು, ನಾನೂ ಹೆಚ್ಚುಕಡಿಮೆ ಮೂಲೆ ಸೇರಿದೆ, ಈ ಡಬ್ಬಿಗಳು ಮಾತ್ರ ಇನ್ನೂ ಡ್ಯೂಟಿ ಮಾಡುತ್ತಿವೆ.

ಲವಂಗ ಬಾಯಿಗೆ ಹಾಕಿಕೊಂಡು ಡಬ್ಬಿ ಹಿಡಿದು ಕೂತೆ. ನಿದ್ದೆ ಹೇಗೂ ಬರುವುದಿಲ್ಲ, ಒಂದಿಷ್ಟು ಮಾತಾಡೋಣ ಬನ್ನಿ.

ಬೆಳಕು ಹೀರುವ ಶಕ್ತಿಗೆ ಈಗಿನವರು ಐಎಸ್‌ಒ ಅನ್ನುತ್ತಾರಲ್ಲ, ಅದನ್ನೇ ನಾವು ಏಎಸ್‌ಎ ಅನ್ನುತ್ತಿದ್ದೆವು. ಈಗ ಒಂದೊಂದು ಫೋಟೋಗೂ ಒಂದೊಂದು ನಂಬರು. ಬೆಳಕಿದ್ದರೆ ಇಳಿಸು, ಕತ್ತಲಾದರೆ ಏರಿಸು, ಸರಿ ಬರದಿದ್ದರೆ ಅಳಿಸು. ಬೆರಳಿನ ತುದಿಯ ಕೆಲಸ. ತೊಂಬತ್ತರ ದಶಕದಲ್ಲಿ ಹಾಗಲ್ಲ. ನಂಬರು ಇದ್ದದ್ದು ರೀಲಿನಲ್ಲಿ. ನೂರರ ರೀಲು ಹಾಕಿದಿರೋ, ಅದು ಮುಗಿಯುವ ತನಕ ಅದರ ಜೊತೆಗೇ ಸಂಸಾರ. ಮಧ್ಯೆ ಮೋಡ ಕವಿಯಲಿ, ಕರೆಂಟು ಹೋಗಲಿ, ಮದುಮಗಳು ಕತ್ತಲ ಮೂಲೆಗೇ ಹೋಗಿ ಕೂರಲಿ, ಬಾಯಿ ಮುಚ್ಚಿಕೊಂಡು ಅದರಲ್ಲೇ ತೆಗೆಯಬೇಕು.

ನೂರರ ರೀಲು ಸಂಭಾವಿತ. ಚರ್ಮ ನುಣ್ಣಗೆ ಬರುತ್ತದೆ, ಸೀರೆಯ ಅಂಚಿನ ಎಳೆ ಎಳೆ ಬರುತ್ತದೆ. ಆದರೆ ಅದಕ್ಕೆ ಬೆಳಕು ಬೇಕೇ ಬೇಕು, ಇಲ್ಲದಿದ್ದರೆ ಕೈ ನಡುಗಿದ್ದೆಲ್ಲ ಫೋಟೋದಲ್ಲಿ ಬಂದು ಕೂರುತ್ತದೆ. ನಾನೂರರ ರೀಲು ಹಾಗಲ್ಲ, ಕತ್ತಲಲ್ಲೂ ಏನೋ ಒಂದನ್ನು ಹಿಡಿದು ತರುತ್ತದೆ. ತರುವಾಗ ಜೊತೆಗೆ ರವೆಯನ್ನೂ ತರುತ್ತದೆ. ಕಾಳು ಕಾಳಾಗಿ ಕಾಣುವ ಫೋಟೋಕ್ಕೆ ನಮ್ಮ ಕಡೆ ‘ರವೆಯಾಗಿದೆ’ ಅನ್ನುತ್ತಿದ್ದೆವು. ನೂರರದ್ದು ಚಿರೋಟಿ ರವೆ, ಕಣ್ಣಿಗೆ ಸಿಗದು. ನಾನೂರರದ್ದು ಉಪ್ಪಿಟ್ಟಿನ ರವೆ. ಅದೇ ನಾನೂರರ ರೀಲಿಗೆ ‘ನೀನು ಸಾವಿರದಾರುನೂರು’ ಎಂದು ಸುಳ್ಳು ಹೇಳಿ ಫೋಟೋ ತೆಗೆದು, ತೊಳೆಯುವಾಗ ಔಷಧದಲ್ಲಿ ಹೆಚ್ಚು ಹೊತ್ತು ಇಟ್ಟರೆ ಇನ್ನೂ ದಪ್ಪನೆಯ ಬನ್ಸಿ ರವೆ. ಕತ್ತಲಲ್ಲೂ ತೆಗೆಯಬೇಕು ನುಣುಪೂ ಬೇಕು ಅಂದರೆ ಆಗದು. ಒಂದನ್ನು ಬಿಡಬೇಕು. ಜನಕ್ಕೆ ಇದನ್ನು ಹೇಳಿ ಹೇಳಿಯೇ ನನ್ನ ಅರ್ಧ ಆಯಸ್ಸು ಸವೆಯಿತು.

ಈಸೂರಿನ ಕಡೆಯ ಒಂದು ಮದುವೆ. ಫ್ಲ್ಯಾಶಿನ ಬ್ಯಾಟರಿ ಕೈಕೊಟ್ಟಿತು, ಕರೆಂಟೂ ಇರಲಿಲ್ಲ. ವಿಧಿಯಿಲ್ಲದೆ ನಾನೂರರ ರೀಲಿನಲ್ಲಿ ಗ್ಯಾಸ್‌ಲೈಟಿನ ಬೆಳಕಿಗೇ ತೆಗೆದೆ. ಆಲ್ಬಮ್ ನೋಡಿದ ಹೆಣ್ಣಿನ ಸೋದರಮಾವ ಸ್ಟುಡಿಯೋಕ್ಕೇ ಬಂದು ನಿಂತ. “ಅಲ್ಲೋ ತಮ್ಮಾ, ನಮ್ಮ ಹುಡ್ಗಿ ಮಕದಾಗ ಒಂದು ಮೊಡವಿ ಇಲ್ಲ. ಇಷ್ಟೆಲ್ಲ ಎಲ್ಲಿಂದ ತಂದಿ?” ಎಂದ. ಮೊಡವೆಯಲ್ಲ, ರೀಲಿನ ಗುಣ ಎಂದೆ. “ರೀಲಿನ ಗುಣ ಕಟ್ಕೊಂಡು ನಮಗೇನಾಗಬೇಕು, ಹುಡ್ಗಿ ಗುಣ ತೋರ್ಸು” ಎಂದ. ಆಮೇಲಿಂದ ನಾನು ಹಟ ಹಿಡಿದು ನೂರರ ರೀಲಿನವನಾದೆ. ಬೆಳಕಿಲ್ಲದ ಕಡೆ ಫೋಟೋವನ್ನೇ ತೆಗೆಯುವುದಿಲ್ಲ ಎಂದುಬಿಡುತ್ತಿದ್ದೆ. ಊರಲ್ಲಿ ನನಗೆ ಸ್ವಲ್ಪ ಕೊಬ್ಬು ಎಂದು ಹೆಸರು ಬಂದದ್ದೂ ಆಗಲೇ.

ನಿಜ ಹೇಳಬೇಕೆಂದರೆ ಈ ರವೆಯನ್ನು ನಾನು ಮೊದಲು ಕಂಡದ್ದು ಫೋಟೋದಲ್ಲಲ್ಲ. ಚಿಕ್ಕವನಿದ್ದಾಗ ನಮ್ಮಜ್ಜಿ ಬೆಲ್ಲ ಇಡುತ್ತಿದ್ದ ಕೋಣೆಗೆ ಕಿಟಕಿಯೇ ಇರಲಿಲ್ಲ. ಬಿಸಿಲಿನಿಂದ ಓಡಿ ಬಂದು ಒಳಗೆ ಕಾಲಿಟ್ಟರೆ ಗವ್ವೆನ್ನುವ ಕತ್ತಲು. ಸ್ವಲ್ಪ ಹೊತ್ತಿಗೆ ಆ ಕತ್ತಲೇ ಸಣ್ಣ ಸಣ್ಣ ಕಾಳಾಗಿ ಗಿಜಿಗುಡಲು ಶುರುವಾಗುತ್ತಿತ್ತು. ಅದರೊಳಗಿಂದ ಮೊದಲು ಅಜ್ಜಿಯ ಬಿಳಿ ತಲೆ, ಆಮೇಲೆ ಅವಳ ಕೈ, ಕೊನೆಗೆ ಕೈಯಲ್ಲಿದ್ದ ಬೆಲ್ಲ. ನನಗೆ ಬೇಕಾದದ್ದು ಯಾವಾಗಲೂ ಕಡೆಗೇ ಕಾಣುತ್ತಿತ್ತು. ಬೆಲ್ಲದ ಪೆಂಟೆಗೆ ಇರುವೆ ಮುತ್ತಿದ್ದು ಗೊತ್ತಾಗದೆ ಬಾಯಿಗೆ ಹಾಕಿಕೊಂಡು ನಾಲಿಗೆ ಊದಿಸಿಕೊಂಡದ್ದೂ ಉಂಟು.

ಇರಲಿ. ಈ ಡಬ್ಬಿ ನೆನಪಿಸಿದ್ದು ನನ್ನ ಮಗಳನ್ನು, ಆ ಮಾತಿಗೆ ಬರುತ್ತೇನೆ.

ನನ್ನ ಹೆಂಡತಿ ಗಿರಿಜಳ ತವರು ಸೊರಬದ ಆಚೆ, ಹೊಸಬಾಳೆ. ಮೊದಲ ಹೆರಿಗೆಗೆ ಅಲ್ಲಿಗೆ ಹೋದಳು. ಒಳ್ಳೆಯ ಚಳಿಗಾಲ. ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಸ್ಟುಡಿಯೋದ ಪಕ್ಕದ ಕಿರಾಣಿ ಅಂಗಡಿಗೆ ಫೋನು ಬಂತು. ಅತ್ತೆ ಮಾತಾಡಿದರು. “ಹೆಣ್ಣು ಮಗು. ತಾಯಿ ಚೆನ್ನಾಗಿದಾಳೆ. ಕೂಸು ಸ್ವಲ್ಪ ಸಣ್ಣ ಐತೆ. ನೀವು ಈಗ್ಲೇ ಬರಬ್ಯಾಡ್ರಿ” ಎಂದರು. ಯಾಕೆ ಎಂದು ಕೇಳುವುದರೊಳಗೆ ಫೋನು ಇಟ್ಟಾಗಿತ್ತು.

ಬರಬೇಡಿ ಎಂದರೆ ಬಿಡುತ್ತೇನೆಯೇ? ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು ಹತ್ತಿ ಹೋದೆ. ಅತ್ತೆ ಜಗಲಿಯಲ್ಲೇ ಮಣೆ ಹಾಕಿ, ನೀರು ಬೆಲ್ಲ ಕೊಟ್ಟು, ಬಾಗಿಲಿಗೆ ಅಡ್ಡ ಕೂತರು. ಮಗು ಹುಟ್ಟಿದ್ದು ಮೂಲಾ ನಕ್ಷತ್ರದ ಮೊದಲನೇ ಪಾದದಲ್ಲಂತೆ. ಅದು ತಂದೆಗೆ ಆಗದಂತೆ. ಆರು ತಿಂಗಳು ತುಂಬಿ ಶಾಂತಿ ಮಾಡಿಸುವ ತನಕ ತಂದೆ ಮಗುವಿನ ಮುಖ ನೋಡಬಾರದಂತೆ. ನೋಡುವಾಗಲೂ ಮೊದಲು ಬಟ್ಟಲಿನ ಎಣ್ಣೆಯಲ್ಲಿ ಅದರ ನೆರಳು ನೋಡಿ, ಆಮೇಲೆ ಮುಖ ನೋಡಬೇಕಂತೆ. ಪಂಚಾಂಗ ತೆಗೆದು ಊರಿನ ಪುರೋಹಿತರು, ಅಯ್ಯನವರು, ಹೇಳಿದ್ದಾರೆ, ಮುಗಿಯಿತು.

ನಾನು ಇಂಥದ್ದನ್ನೆಲ್ಲ ನಂಬುವವನಲ್ಲ ಎಂದು ಸ್ಟುಡಿಯೋದಲ್ಲಿ ಕೂತು ಭಾಷಣ ಮಾಡುತ್ತಿದ್ದವನು. “ಏನಾದ್ರೂ ಆದ್ರೆ ನನಗೆ ತಾನೇ ಆಗೋದು, ಆಗ್ಲಿ ಬಿಡಿ ಅತ್ತೆ” ಎಂದೆ.

ಅತ್ತೆ ಸಿಟ್ಟಾಗಲಿಲ್ಲ. ಸೆರಗು ಸರಿಮಾಡಿಕೊಂಡು ಮೆಲ್ಲಗೆ ಹೇಳಿದರು. “ನಮ್ಮನೇರೂ ಹಿಂಗೇ ಅಂದಿದ್ರು. ನನ್ನ ಕಿರೀ ಮಗ ಹುಟ್ಟಿದಾಗ. ಬ್ಯಾಡ ಬ್ಯಾಡ ಅಂದ್ರೂ ಒಳಗೆ ಬಂದು ಎತ್ಕೊಂಡ್ರು. ಅವ್ನು ತೊಟ್ಲಿಂದ ಇಳಿಯೋದ್ರೊಳಗೆ ಅವ್ರಿಲ್ಲ. ನಿಮಗೇನಾದ್ರೂ ಆದ್ರೆ ನನ್ನ ಮಗಳ ಗತಿ ಏನ್ರಿ?”

ಇದಕ್ಕೆ ನೀವು ಏನು ಹೇಳುತ್ತೀರಿ? ಒಳಗಿನ ಕೋಣೆಯಿಂದ ಬೆಕ್ಕಿನ ಮರಿಯ ದನಿಯಲ್ಲಿ ಅಳು ಕೇಳಿತು. ಕೇಳಬಾರದು ಎಂದು ಅಯ್ಯನವರು ಹೇಳಿರಲಿಲ್ಲವಾದ್ದರಿಂದ ಕೇಳುತ್ತ ಕೂತೆ. ಗಿರಿಜ ಬಾಗಿಲ ಸಂದಿಯಿಂದ “ಊಟ ಮಾಡಿದ್ರಾ?” ಎಂದಳು. ಮಾಡಿದೆ ಎಂದು ಸುಳ್ಳು ಹೇಳಿ ಬಸ್ಸಿಗೆ ಬಂದೆ.

ಅಲ್ಲಿಂದ ನನ್ನ ಗ್ರಹಚಾರ ನೋಡಿ. ಸ್ಟುಡಿಯೋಕ್ಕೆ ಬರುವುದೆಲ್ಲ ಮಕ್ಕಳೇ. ತೊಟ್ಟಿಲಿಗೆ ಹಾಕಿದ ಮಗು, ಜವಳ ತೆಗೆಸಿದ ಮಗು, ಕೃಷ್ಣನ ವೇಷದ ಮಗು. ಊರವರ ಮಕ್ಕಳ ಗಲ್ಲ ಹಿಡಿದು ಎತ್ತಿ, ಗಿಲಕಿ ಆಡಿಸಿ ನಗಿಸಿ ಫೋಟೋ ತೆಗೆಯುತ್ತಿದ್ದೆ. ಮಗಳ ಮುಖ ಹೇಗಿರಬಹುದು ಎಂದು ಅವರ ಮುಖಗಳಲ್ಲೆಲ್ಲ ಹುಡುಕುತ್ತಿದ್ದೆ. ತೀರಾ ಬೇಸರವಾಗುತ್ತಿತ್ತು.

ಹೀಗಿರುವಾಗ ಮತ್ತೆ ಫೋನು. ಮಗುವಿಗೆ ಜ್ವರ, ಹಾಲು ಕುಡಿಯುತ್ತಿಲ್ಲ, ಸೊರಬದ ಡಾಕ್ಟರು ಬೆಚ್ಚಗೆ ಇಡಿ ಎಂದಿದ್ದಾರೆ. ಹೋದೆ. ಅದೇ ಜಗಲಿ, ಅದೇ ಮಣೆ. ಒಳಗೆ ಅಳು ಕೂಡ ಕೇಳಿಸುತ್ತಿರಲಿಲ್ಲ. ಅಳು ನಿಂತದ್ದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ತಿಳಿಯದೆ ಎದ್ದು ಬಾಗಿಲ ತನಕ ಹೋಗುವುದು, ಮತ್ತೆ ಬಂದು ಮಣೆ ಮೇಲೆ ಕೂರುವುದು. ಎರಡು ಹಗಲು ಅಲ್ಲೇ ಕೂತೆ. ಜ್ವರ ಇಳಿಯಿತು. ಇಳಿದ ಮೇಲೆ ನನಗೆ ಅಳು ಬಂತು. ಅತ್ತೆಗೆ ಹೇಳಿಬಿಟ್ಟೆ, “ಏನಾದ್ರೂ ಆಗಿದ್ರೆ ನನ್ನ ಮಗಳು ಹೆಂಗಿದ್ಲು ಅಂತನೂ ನಂಗೆ ಗೊತ್ತಿರ್ತಿರಲಿಲ್ಲ. ಒಂದು ಫೋಟೋ ಆದ್ರೂ ಕೊಡಿ. ಫೋಟೋ ನೋಡಿದ್ರೆ ಮುಖ ನೋಡಿದಂಗೆ ಆಗುತ್ತಾ, ಕೇಳಿ ಅಯ್ನೋರನ್ನ.”

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಆಗಲೇ ಹೊರಟರು. ಅಯ್ಯನವರಿಗೂ ಈ ಪ್ರಶ್ನೆ ಹೊಸದು. ಅವರ ಪಂಚಾಂಗದಲ್ಲಿ ಕ್ಯಾಮೆರಾ ಇಲ್ಲ. ಬಹಳ ಯೋಚನೆ ಮಾಡಿ, “ಫೋಟೋನೂ ಒಂದು ನೆರಳೇ. ಎಣ್ಣೆಯಲ್ಲಿ ಕಂಡಷ್ಟೇ ಕಾಣೋದಾದ್ರೆ ಅಡ್ಡಿಯಿಲ್ಲ. ಅದಕ್ಕಿಂತ ನಿಚ್ಚಳ ಇರಕೂಡದು” ಎಂದರಂತೆ.

ನನ್ನ ಸ್ಥಿತಿ ನೋಡಿ. ಜೀವಮಾನವೆಲ್ಲ ನಿಚ್ಚಳ ಬರಲಿ ಎಂದು ಒದ್ದಾಡಿದವನಿಗೆ, ಸ್ವಂತ ಮಗಳ ಫೋಟೋ ನಿಚ್ಚಳ ಬರಕೂಡದು ಎಂಬ ಆಜ್ಞೆ. ಆದರೆ ಅದಕ್ಕೆ ನಾನೇನೂ ಕಷ್ಟಪಡಬೇಕಾಗಿರಲಿಲ್ಲ. ಬಾಣಂತಿ ಕೋಣೆಯ ಕಿಟಕಿಗೆ ಕಂಬಳಿ ಹೊದಿಸಿತ್ತು. ಒಂದು ಎಣ್ಣೆ ದೀಪ, ಒಂದು ಕೆಂಡದ ಅಗ್ಗಿಷ್ಟಿಕೆ, ಅಷ್ಟೇ ಬೆಳಕು. ಕಂಬಳಿ ಸರಿಸಿದರೆ ಶೀತ. ಫ್ಲ್ಯಾಶು ಹಾಕಿದರೆ ಎಳೇ ಕಣ್ಣಿಗೆ ಸಿಡಿಲು ಹೊಡೆದ ಹಾಗೆ, ಅದಂತೂ ಸುತರಾಂ ಕೂಡದು. ನೂರರ ರೀಲು ಅಲ್ಲಿ ಕುರುಡು. ನಾನೂರರ ಕಪ್ಪುಬಿಳುಪು ರೀಲಿಗೆ ಸಾವಿರದಾರುನೂರರ ಸುಳ್ಳು ಹೇಳುವುದೊಂದೇ ದಾರಿ.

ತೆಗೆಯುವವರು ಯಾರು? ಆ ಕೋಣೆಗೆ ಅತ್ತೆ ಬಿಟ್ಟು ಬೇರೆ ಯಾರೂ ಹೋಗುವಂತಿಲ್ಲ. ಗಿರಿಜ ತೆಗೆಯಬಹುದು ಅಂದರೆ ಬಾಣಂತಿ ಕಣ್ಣಿಗೆ ಆಯಾಸ ಮಾಡಬಾರದು. ಕೊನೆಗೆ ಉಳಿದವರು ಅತ್ತೆಯೇ.

ಸ್ಟುಡಿಯೋದಿಂದ ಕ್ಯಾಮೆರಾ ತಂದೆ. ಜಗಲಿಯಲ್ಲಿ ಅತ್ತೆಗೆ ಪಾಠ ಶುರುವಾಯಿತು. ದೂರವನ್ನು ಎರಡು ಮೊಳಕ್ಕೆ ಸರಿಮಾಡಿ, ಲೆನ್ಸು ತಿರುಗದಂತೆ ಪ್ಲಾಸ್ಟರ್ ಸುತ್ತಿದೆ. ಅಷ್ಟೇ ಉದ್ದದ ದಾರವೊಂದನ್ನು ಕ್ಯಾಮೆರಾಕ್ಕೆ ಕಟ್ಟಿ, “ಈ ತುದಿ ಕೂಸಿನ ಗಲ್ಲದ ಹತ್ರ ಬರಬೇಕು. ಆಮೇಲೆ ದಾರ ಬಿಟ್ಟು, ಮಂಡಿ ಮೇಲೆ ಮೊಣಕೈ ಊರಿ, ಉಸಿರು ಬಿಗಿ ಹಿಡಿದು ಒತ್ತಿ” ಎಂದೆ. ಅತ್ತೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಬಂದು, ಲಿಂಗಪೂಜೆಗೆ ಕೂತಷ್ಟೇ ಗಂಭೀರವಾಗಿ ಕ್ಯಾಮೆರಾ ಹಿಡಿದರು. ಬೇಲಿಯ ಮೇಲಿನ ಕೆಂಬೂತ ಹಕ್ಕಿಯ ಫೋಟೋ, ಜಗಲಿ ಕಂಬದ ಫೋಟೋ ಎಂದು ಖಾಲಿ ಕ್ಯಾಮೆರಾದಲ್ಲಿ ಒತ್ತಿ ಒತ್ತಿ ಅಭ್ಯಾಸ ಮಾಡಿದರು. “ಉಸಿರು ಹಿಡಿಯದು ಏನ್ ಮಹಾ. ನಲವತ್ತು ವರ್ಷದಿಂದ ಈ ಮನೇಲಿ ಅದನ್ನೇ ಮಾಡ್ತಿರದು” ಎಂದರು. ಅತ್ತೆ ತಮಾಷೆ ಮಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ರೀಲು ತುಂಬಿ ಕೊಟ್ಟ ಮೇಲೆ ಅತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಹೊರಗೆ ಗೋಡೆಗೆ ಕಿವಿ ಕೊಟ್ಟು ಕೂತೆ. ಆಮೇಲೆ ಒಂದು ‘ಟಪ್’. ರೀಲು ತಿರುಗಿಸಿದ ಸದ್ದು. ಮತ್ತೊಂದು. ನಡುವೆ ಒಂದು ಸಣ್ಣ ಸೀನು. “ನೂರು ವರ್ಷ, ನೂರು ವರ್ಷ” ಎಂದು ಅತ್ತೆ ಅಂದದ್ದು, ಗಿರಿಜ ನಕ್ಕದ್ದು. ನನ್ನ ಸಂಸಾರವೆಲ್ಲ ಗೋಡೆಯ ಆಚೆಗಿತ್ತು. ಕ್ಯಾಮೆರಾ ಹೊರಗೆ ಬಂದಾಗ ಅದರ ಮೈಗೆ ಸಾಂಬ್ರಾಣಿ ಹೊಗೆಯ ವಾಸನೆ ಹತ್ತಿತ್ತು.

ರೀಲು ನಾನೇ ತೊಳೆದು ಪ್ರಿಂಟು ಹಾಕಿದರೆ ಎಲ್ಲವನ್ನೂ ನೋಡಿದಂತೆ ಆಗುತ್ತದಲ್ಲ, ಅದಕ್ಕೂ ಅತ್ತೆ ಒಪ್ಪಲಿಲ್ಲ. ಸೊರಬದಲ್ಲಿ ಸ್ಟುಡಿಯೋ ಇಟ್ಟಿದ್ದ ಗೆಳೆಯ ಚಂದ್ರಪ್ಪನಿಗೆ ಕೊಟ್ಟೆ. ವಿಷಯ ಕೇಳಿ ಅವನು, “ಸಾವಿರದಾರುನೂರು ಅಂದ್ರೆ ರವೆ ಎದ್ದು ಕುಣಿಯುತ್ತೆ ಮಾರಾಯ. ನೀನು ಇಂಥದ್ದಕ್ಕೆ ಒಪ್ಪೋ ಮನುಷ್ಯನೇ ಅಲ್ವಲ್ಲ” ಎಂದ. “ಕುಣೀಲಿ ಬಿಡು” ಎಂದೆ.

ಚಂದ್ರಪ್ಪ ಪ್ರಿಂಟು ಹಾಕಿ ಕವರಿಗೆ ತುಂಬಿ ಅಂಟಿಸಿ ಹೊಸಬಾಳೆಗೆ ಕಳಿಸಿದ. ನಾನು ಹೋದಾಗ ಅತ್ತೆ ಕನ್ನಡಕ ಹಾಕಿಕೊಂಡು, ಮೊರದಲ್ಲಿ ಅಕ್ಕಿ ಆರಿಸುವವರಂತೆ ಫೋಟೋ ಆರಿಸುತ್ತ ಕೂತಿದ್ದರು. ಎದುರಿಗೆ ಕೂತ ನನಗೆ ಕಾಣುತ್ತಿದ್ದದ್ದು ಕಾಗದದ ಬಿಳಿ ಬೆನ್ನು ಮಾತ್ರ. ಒಂದನ್ನು ನೋಡಿ ಅತ್ತೆ ನಕ್ಕರು. “ಅಯ್ಯ, ಇದ್ರಾಗೆ ಕಣ್ಣು ಬಿಟ್ಟೈತೆ ನೋಡು” ಎಂದು ತಮಗೆ ತಾವೇ ಹೇಳಿಕೊಂಡು ಅದನ್ನು ಮಡಿಲಿಗೆ ಹಾಕಿಕೊಂಡರು. ಚೆನ್ನಾಗಿ ಬಂದದ್ದೆಲ್ಲ ಒಂದೊಂದಾಗಿ ಮಡಿಲಿಗೆ ಹೋಯಿತು. ಕಡೆಗೆ ಒಂದನ್ನು ದೂರ ಹಿಡಿದು, ಹತ್ತಿರ ಹಿಡಿದು, “ಇದ್ರಾಗೆ ರವೆ ಚೆಲ್ಲಿದಂಗೈತೆ. ಏನೂ ಗೊತ್ತಾಗಲ್ಲ. ತಗಳ್ರಿ, ನೋಡ್ರಿ” ಎಂದು ನನ್ನ ಕೈಗಿತ್ತರು.

ರೀಲಿನಲ್ಲೇ ಅತ್ಯಂತ ಕೆಟ್ಟ ಫೋಟೋ ಅದು. ಗಿರಾಕಿಗೆ ಕೊಟ್ಟಿದ್ದರೆ ಬೈದು ವಾಪಸು ಎಸೆಯುತ್ತಿದ್ದ. ಒಂದು ಕಡೆ ದೀಪದ ಬೆಳಕು ಬಿಳಿ ಮಚ್ಚೆಯಾಗಿದೆ, ಇನ್ನೊಂದು ಕಡೆ ಪೂರಾ ಕಪ್ಪು. ನಡುವೆ ಬೂದು ರವೆ. ಆ ರವೆಯೊಳಗೆ ಒಂದು ಕುಲಾವಿಯ ಅಂಚು, ಅದರ ಕೆಳಗೆ ಉಬ್ಬಿದ ಒಂದು ಗಲ್ಲ, ಮೂಗಿರಬಹುದಾದ ಒಂದು ನೆರಳು, ಮುಷ್ಟಿ ಕಟ್ಟಿದ ಒಂದು ಕೈ. ನನ್ನ ಮಗಳು. ಬಸ್ಸಿನಲ್ಲಿ ಶಿರಾಳಕೊಪ್ಪ ಬರುವ ತನಕ ನೋಡಿದೆ. ಪಕ್ಕದಲ್ಲಿ ಕೂತಿದ್ದವನು ಇಣುಕಿ, “ಏನ್ರಿ ಅದು, ಕೆರೆ ಫೋಟೋನಾ?” ಎಂದ.

ಆಮೇಲಿನ ತಿಂಗಳುಗಳೆಲ್ಲ ಆ ಫೋಟೋದ ಜೊತೆಗೇ ಕಳೆದೆ. ಗಿರಾಕಿ ಇಲ್ಲದಾಗ ಮೇಜಿನ ಖಾನೆಯಿಂದ ತೆಗೆದು ನೋಡುವುದು, ಯಾರಾದರೂ ಬಂದರೆ ಒಳಗೆ ಸರಿಸುವುದು. ನೆಗೆಟಿವ್ ನೋಡುವ ಭೂತಗನ್ನಡಿ ಹಿಡಿದು ನೋಡಿದೆ. ಕಣ್ಣು ಮುಚ್ಚಿದೆಯೋ ತೆರೆದಿದೆಯೋ ತಿಳಿಯಬೇಕಿತ್ತು. ಆದರೆ ರವೆಯ ಗುಣವೇ ಅಷ್ಟು. ಹತ್ತಿರ ಹೋದಷ್ಟೂ ಮಗು ಇಲ್ಲ, ಬರೀ ಕಾಳು. ಕೈ ಚಾಚಿ ದೂರ ಹಿಡಿದು ಕಣ್ಣು ಕಿರಿದು ಮಾಡಿದರೆ ಮತ್ತೆ ಬಂದು ಮಲಗುತ್ತಾಳೆ. ಕಾಣದ ಕಡೆಯೆಲ್ಲ ನಾನೇ ತುಂಬಿಕೊಂಡೆ. ಮೂಗು ನಮ್ಮ ಅವ್ವನದು, ಹುಬ್ಬು ಗಿರಿಜಳದು, ಗಲ್ಲದಲ್ಲಿ ಒಂದು ಗುಳಿ. ಹೀಗೆ ಮಾಡಿಕೊಂಡ ಮಗಳ ಜೊತೆ ಒಬ್ಬನೇ ಮಾತಾಡುತ್ತಲೂ ಇದ್ದೆ. ಅವಳು ನನ್ನನ್ನು ನೋಡಿ ನಗುತ್ತಾಳೆ ಎಂದೂ ಅಂದುಕೊಂಡಿದ್ದೆ.

ಕೊನೆಗೂ ಆರು ತಿಂಗಳು ತುಂಬಿತು. ಶಾಂತಿಯ ದಿನ ಬಿಸಿಲು ಚೆನ್ನಾಗಿತ್ತು. ಹೊಸ ಪಂಚೆ ಉಟ್ಟು ನಡುಮನೆಯಲ್ಲಿ ಕೂತೆ. ಮುಂದೆ ಕಂಚಿನ ಅಗಲ ಬಟ್ಟಲು, ಅದರ ತುಂಬ ಎಳ್ಳೆಣ್ಣೆ. ಅಯ್ಯನವರು ಮಂತ್ರ ಮುಗಿಸಿ, “ಹಿಂದಕ್ಕೆ ತಿರುಗಬೇಡಿ. ಎಣ್ಣೆ ನೋಡಿ” ಎಂದರು. ಅತ್ತೆ ಮಗುವನ್ನು ತಂದು ನನ್ನ ಹೆಗಲ ಹಿಂದೆ ಹಿಡಿದರು. ಕುತ್ತಿಗೆಗೆ ಮಗಳ ಉಸಿರು ತಾಗಿತು.

ಎಣ್ಣೆಯಲ್ಲಿ ಮೊದಲು ಕಂಡದ್ದು ಮಾಡಿನ ಜಂತಿ. ಆಮೇಲೆ ನನ್ನ ಮೀಸೆ. ಅದರ ಪಕ್ಕದಲ್ಲಿ ಒಂದು ಪುಟ್ಟ ಮುಖ ಬಗ್ಗಿ ಬಂತು. ಅಯ್ಯನವರ ಲೆಕ್ಕ ಪೂರಾ ತಪ್ಪಿತ್ತು. ಎಣ್ಣೆಯಲ್ಲಿ ರವೆಯೇ ಇರಲಿಲ್ಲ. ಕಣ್ಣಿನ ಕಾಡಿಗೆ, ರೆಪ್ಪೆಯ ಕೂದಲು, ಕೆಳತುಟಿಯ ಜೊಲ್ಲು, ಎಲ್ಲ ನಿಚ್ಚಳ. ಹಣೆ ಅಗಲ, ಮೂಗು ಚಪ್ಪಟೆ, ಗಲ್ಲದಲ್ಲಿ ಗುಳಿಯಿಲ್ಲ. ನಾನು ಮಾಡಿಕೊಂಡಿದ್ದ ಮಗಳು ಇವಳಲ್ಲ. ಇವಳು ಬೇರೆ ಯಾರೋ, ಅವಳಿಗಿಂತ ಚೆಂದ. ಕಣ್ಣು ತುಂಬಿ ಬಂದು ಎಣ್ಣೆಯೂ ಕಾಣದಾಯಿತು.

“ಈಗ ತಿರುಗಿ, ಎತ್ಕೊಳ್ಳಿ” ಎಂದರು ಅಯ್ಯನವರು.

ತಿರುಗಿ ಎರಡೂ ಕೈ ಚಾಚಿದೆ. ಅವಳು ನನ್ನ ಮುಖವನ್ನು ಒಂದು ಗಳಿಗೆ ದಿಟ್ಟಿಸಿದಳು. ತುಟಿ ಸೊಟ್ಟಗಾಯಿತು. ಆಮೇಲೆ ಮನೆ ಹಾರಿ ಹೋಗುವ ಹಾಗೆ ಕಿರುಚಿ, ಅತ್ತೆಯ ಕುತ್ತಿಗೆ ತಬ್ಬಿ, ನನ್ನ ಕೈಯನ್ನು ಕಾಲಿನಿಂದ ಒದ್ದಳು. ಗಿಲಕಿ ಆಡಿಸಿದೆ. ಊರಿನ ಅಷ್ಟೂ ಮಕ್ಕಳನ್ನು ನಗಿಸಿದ ಕಸರತ್ತೆಲ್ಲ ಮಾಡಿದೆ. ಮಾಡಿದಷ್ಟೂ ಹೆಚ್ಚು ಅತ್ತಳು. ಬಂದವರೆಲ್ಲ ನಕ್ಕರು. ನಾನೂ ನಗುವ ಹಾಗೆ ಮುಖ ಮಾಡಿದೆ.

ಗಿರಿಜ ನನ್ನ ಪಕ್ಕಕ್ಕೆ ಬಂದು ಕೂತಳು. ಅವಳಿಗೂ ಅಳು ಬಂದಿತ್ತು. “ಏನ್ ಮಾಡ್ತಾಳೆ ಪಾಪ, ಅವ್ಳು ನಿಮ್ಮನ್ನ ನೋಡೇ ಇಲ್ವಲ್ಲ. ನಿಮ್ದೂ ಒಂದು ಫೋಟೋ ಕೊಟ್ಟು ಹೋಗಿದ್ರೆ ದಿನಾ ತೋರಿಸ್ತಾ ಇರ್ತಿದ್ದೆ ಕಣ್ರೀ” ಎಂದಳು.

ಮಗಳು ನನ್ನನ್ನು ನೋಡಬಾರದು ಎಂದು ಯಾವ ಪಂಚಾಂಗದಲ್ಲೂ ಇರಲಿಲ್ಲ. ಎರಡು ತಾಲ್ಲೂಕಿನ ಮುಖಗಳ ಫೋಟೋ ತೆಗೆದವನು ನಾನು. ಸ್ಟುಡಿಯೋದಲ್ಲಿ ಬೇಕಾದಷ್ಟು ಬೆಳಕಿತ್ತು, ನೂರರ ರೀಲಿತ್ತು, ಕೂರುವುದಕ್ಕೆ ಸ್ಟೂಲಿತ್ತು. ಅತ್ತೆಯ ಹೆಗಲ ಮೇಲಿಂದ ಅವಳು ಬಿಕ್ಕುತ್ತ ಇನ್ನೊಂದು ಸಲ ನನ್ನ ಕಡೆ ನೋಡಿದಳು, ಇನ್ನೂ ಇದ್ದೇನೆಂದು ಕಂಡು ಮತ್ತೆ ಜೋರಾಗಿ ಅತ್ತಳು.